ಏನೂ ಅಂಟದ ಅಂಗಡಿ

ಹಳೆಯ ಕಾರಿನವರು ನನ್ನ ಅಂಗಡಿಗೆ ಬಂದು, ಕೆಲಸ ಮುಗಿಸಿಕೊಂಡು ಸುಮ್ಮನೆ ಹೋಗುತ್ತಾರೆ. ಏನಾದರೂ ಗಮ್ಮತ್ತು ಆಗುವುದಿದ್ದರೆ ಅದು ಹೊಸ ಕಾರಿನವರಿಂದಲೇ. ಜೀವನವಿಡೀ ಶಾಣ್ಯಾ ಅನ್ನಿಸಿಕೊಂಡ ಮನುಷ್ಯ ಕೂಡ ಹೊಸ ಕಾರಿನ ಕೀಲಿ ಕೈಗೆ ಬಂದ ಮೊದಲ ಹದಿನೈದು ದಿನ ಏನು ಮಾಡುತ್ತಾನೆಂದು ಹೇಳಲು ಬರುವುದಿಲ್ಲ. ಸರಿಯಾಗಿ ಆ ಹದಿನೈದು ದಿನಗಳಲ್ಲೇ ಅವನು ನನ್ನ ಹತ್ತಿರ ಬರುತ್ತಾನೆ.

ಈಗ ಎಲ್ಲರೂ ಸಿರಾಮಿಕ್ ಕೋಟಿಂಗ್ ಅನ್ನುತ್ತಾರೆ. ನಾನು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಅಂಗಡಿ ತೆರೆದದ್ದು ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ. ಆಗ ನಡೆಯುತ್ತಿದ್ದದ್ದು ಟೆಫ್ಲಾನ್ ಕೋಟಿಂಗ್. ಕಾರನ್ನು ಶಾಂಪೂ ಹಾಕಿ ತೊಳೆದು, ಒರೆಸಿ, ಬಿಳಿ ಮುಲಾಮಿನಂಥದ್ದನ್ನು ಹಚ್ಚಿ, ಒಣಗಿದ ಮೇಲೆ ಮಷಿನ್ನಿನಿಂದ ತಿಕ್ಕಿದರೆ ಬಣ್ಣದ ಮೇಲೆ ನುಣುಪಾದ ಒಂದು ಪದರ ಕೂರುತ್ತದೆ. ಧೂಳು, ಕೆಸರು, ಹಕ್ಕಿಯ ಹಿಕ್ಕೆ ಯಾವುದೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿದ್ದೆ: ‘ಇಲ್ಲಿ ಹಚ್ಚಿದರೆ ಏನೂ ಅಂಟುವುದಿಲ್ಲ.’

ಈ ಬೋರ್ಡು ಕಂಡರೆ ನಮ್ಮ ಅವ್ವನಿಗೆ ಆಗುತ್ತಿರಲಿಲ್ಲ. ನನಗಾಗ ಮೂವತ್ತೊಂದು. ಹೆಣ್ಣು ನೋಡಲು ಹೋದ ಎಂಟು ಮನೆಯವರೂ ‘ತಿಳಸ್ತೇವ್ರಿ’ ಎಂದು ಕಳಿಸಿ, ಏನನ್ನೂ ತಿಳಿಸಿರಲಿಲ್ಲ.

“ಹಗಲೆಲ್ಲಾ ಏನೂ ಅಂಟಬಾರ್ದು, ಏನೂ ಅಂಟಬಾರ್ದು ಅಂತ ತಿಕ್ಕೋತ ಕುಂತ್ರ ಸಂಬಂಧರೆ ಹೆಂಗ ಅಂಟೀತೋ?” ಎನ್ನುತ್ತಿದ್ದಳು ಅವ್ವ. ನಾನು ನಗುತ್ತಿದ್ದೆ. ಖರೇ ಹೇಳಬೇಕೆಂದರೆ, ಒಳಗೊಳಗೆ ನನಗೂ ಕೆಡುಕೆನಿಸುತ್ತಿತ್ತು.

೧. ತವಾ

ಟೆಫ್ಲಾನ್ ಅಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. “ನಾನ್‌ಸ್ಟಿಕ್ ತವಾ ನೋಡೀರಲ್ರಿ? ದೋಸಿ ಹತ್ತೂದಿಲ್ಲಲ್ಲ, ಅದ ಜಾತೀದು” ಎನ್ನುತ್ತಿದ್ದೆ. ಗಂಡಸರು ತಲೆಯಾಡಿಸಿ ಸುಮ್ಮನಾಗುತ್ತಿದ್ದರು.

ಒಂದು ದಿನ ಅಮರಗೋಳದ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಹೊಸ ಕಾರಿನಲ್ಲಿ ಹೆಂಡತಿಯನ್ನೂ ಕರೆತಂದರು. ಆಕೆಯ ಮನೆಯಲ್ಲಿ ಆ ತವಾ ಇತ್ತು. ಹೀಗಾಗಿ ನನಗಿಂತ ಆಕೆಗೇ ಹೆಚ್ಚು ಗೊತ್ತಿತ್ತು.

“ಹಂಗಾದ್ರ ಎಣ್ಣಿ ಕಡಿಮಿ ಹತ್ತತೈತೇನ್ರಿ?” ಎಂದು ಕೇಳಿದರು.

ನಮ್ಮ ಕಡೆ ಡೀಸೆಲ್ಲಿಗೂ ಎಣ್ಣಿ ಅನ್ನುವವರಿದ್ದಾರೆ. “ಇಲ್ರಿ ಅಕ್ಕಾರ, ತವಾದ ಎಣ್ಣಿ ಬ್ಯಾರೆ, ಗಾಡಿ ಎಣ್ಣಿ ಬ್ಯಾರೆ” ಅಂದೆ. ಆಕೆಗೆ ಸಮಾಧಾನವಾಗಲಿಲ್ಲ.

“ಇರ್ಲಿ. ಕಬ್ಬಿಣದ ಸೌಟ ಅಂತೂ ಮುಟ್ಟಸಬಾರ್ದಲ್ಲ?”

ಗೀರು ಬೀಳುವ ಮಾತು ಆಡುತ್ತಿದ್ದಾರೆಂದು ತಿಳಿದು ನಾನು, “ಕಬ್ಬಿಣದ್ದು ಏನೂ ಮುಟ್ಟಸಬ್ಯಾಡ್ರಿ ಮತ್ತ!” ಎಂದು ಒತ್ತಿ ಹೇಳಿದೆ.

ಹದಿನೈದು ದಿನ ಬಿಟ್ಟು ಅವರ ಡ್ರೈವರ್ ಕಾರು ತೊಳೆಸಲು ತಂದ. ಡ್ಯಾಶ್‌ಬೋರ್ಡಿನ ಮೇಲೆ ದೇವರ ಫೋಟೋದ ಪಕ್ಕದಲ್ಲಿ ಒಂದು ಕಟ್ಟಿಗೆಯ ಸೌಟು.

“ಏನೋ ಇದು?”

“ಹಕ್ಕಿ ಹೊಲಸ ಮಾಡಿದ್ರ ಇದರ್ಲೇನ ತಗೀಬೇಕಂತ ಅಕ್ಕಾರು ಕೊಟ್ಟಾರ್ರಿ.”

“ಮತ್ತ ಮನ್ಯಾಗಿನ ತವಾಕ್ಕ?”

ಅವನು ಮುಖ ಸಣ್ಣದು ಮಾಡಿದ. “ಇದ್ದಿದ್ದ ಇದೊಂದ ಸೌಟ್ರಿ. ಗಾಡಿ ಬಂದಾಗಿಂದ ಮನ್ಯಾಗ ದೋಸಿ ಬಂದ್.”

೨. ದೃಷ್ಟಿ

ಸಾಮಾನ್ಯವಾಗಿ ಮೊದಲು ಗಾಡಿ ಪೂಜೆ, ಆಮೇಲೆ ಕೋಟಿಂಗ್. ಧಾರವಾಡದ ಸರ್ಕಾರಿ ಕಚೇರಿಯ ಒಬ್ಬ ಸಾಹೇಬರು ಇದನ್ನು ಉಲ್ಟಾ ಮಾಡಿದರು. ಮುಹೂರ್ತ ಮರುದಿನವಿತ್ತು, ಅಷ್ಟರೊಳಗೆ ಕೋಟಿಂಗ್ ಮುಗಿದಿತ್ತು. ‘ಇಲ್ಲೇ ಪೂಜಾ ಮಾಡಿಕೊಂಡು ಒಯ್ತೇವ್ರಿ’ ಎಂದು ಮನೆಮಂದಿಯನ್ನೆಲ್ಲ ಅಂಗಡಿಗೇ ಕರೆತಂದರು.

ಅವರ ತಾಯಿ ಇಳಕಲ್ ಸೀರೆಯ ಸಣ್ಣ ಜೀವ. ಕುಂಕುಮವನ್ನು ನೀರಲ್ಲಿ ಕಲಸಿ ಬಾನೆಟ್ಟಿನ ಮೇಲೆ ಸ್ವಸ್ತಿಕ ಬರೆದರು. ಸ್ವಸ್ತಿಕದ ಒಂದೊಂದೇ ಕೈ ಮುದುಡಿಕೊಂಡು ಹನಿಯಾಗಿ, ಸರಸರ ಜಾರಿ ಬಂಪರಿಗೆ ಬಂತು. ಅಜ್ಜಿ ಮತ್ತೆ ಬರೆದರು. ಮತ್ತೆ ಜಾರಿತು. ಮೂರನೆಯ ಸಲ ಗಟ್ಟಿಯಾಗಿ ಕಲಸಿ ಹಚ್ಚಿದರು. ಅದು ಸ್ವಲ್ಪ ನಿಂತು, ಯೋಚನೆ ಮಾಡಿ, ಜಾರಿತು.

ಹಿಂದಿನಿಂದ ಯಾರೋ, “ದೇವರು ಒಲ್ಲೆ ಅನ್ನಾಕತ್ತಾನ” ಅಂದರು. ಸರದಿಗೆ ಕಾಯುತ್ತಿದ್ದ ಬೇರೆ ಗಿರಾಕಿಗಳೂ ಕತ್ತು ಉದ್ದ ಮಾಡಿ ನೋಡತೊಡಗಿದರು. ಇಲ್ಲಿ ಮಾಡಿಸಿದ ಗಾಡಿಗೆ ಕುಂಕುಮ ನಿಲ್ಲುವುದಿಲ್ಲ ಎಂದು ಅವಳಿ ನಗರದಲ್ಲಿ ಸುದ್ದಿಯಾದರೆ ನಾನು ಶಟರ್ ಎಳೆದುಕೊಂಡು ಮನೆಗೆ ಹೋಗಬೇಕಷ್ಟೇ.

“ಅಮ್ಮಾರ, ಗಾಜಿಗೆ ಹಚ್ರಿ. ಗಾಜಿಗೆ ನಾ ಏನೂ ಹಚ್ಚಿಲ್ರಿ” ಅಂದೆ.

ಅಜ್ಜಿ ಬಾನೆಟ್ ನೋಡಿದರು, ಬಂಪರ್ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮಗನ ಕಡೆ ತಿರುಗಿ, “ಏ ಹುಚ್ಚಾ, ದೇವರ ಕುಂಕುಮಾನ ನಿಲ್ಲವಲ್ದಂದ್ರ ಮಂದಿ ದೃಷ್ಟಿ ಏನ ನಿಂತೀತೋ? ಎಲ್ಲಾ ಜಾರಿ ಹೋಗ್ತಾವ! ಒಡಿ ಕಾಯಿ!” ಅಂದರು.

ಕುಂಕುಮವನ್ನು ಟೈರಿಗೆ ಹಚ್ಚಿ, ಕಾಯಿ ಒಡೆದು, ಅಜ್ಜಿ ಮುಂದಿನ ಸೀಟಿನಲ್ಲಿ ಕುಳಿತು ಹೊರಟೇ ಬಿಟ್ಟರು. ಆ ವಾರ ನನಗೆ ಪುರಸೊತ್ತೇ ಇರಲಿಲ್ಲ. ಬಂದವರೆಲ್ಲ, “ದೃಷ್ಟಿ ಅಂಟಲಾರದ್ದು ಒಂದ ಹಚ್ತೀರಂತಲ್ರಿ, ಅದನ್ನ ಹಚ್ರಿ” ಅನ್ನುತ್ತಿದ್ದರು. ಒಬ್ಬರಂತೂ ಹೊಸದಾಗಿ ಕಟ್ಟಿಸಿದ ಮನೆಯ ಅಳತೆ ಬರೆದುಕೊಂಡು ಬಂದಿದ್ದರು.

೩. ಗುಳ್ಳೆ

ಇದು ಬರೇ ಫೋನಿನಲ್ಲಿ ನಡೆದದ್ದು. ತಾರಿಹಾಳದಲ್ಲಿ ಲೇತ್ ಮಷಿನ್ ಇಟ್ಟುಕೊಂಡವರು, ಕಬ್ಬಿಣದ ಜೊತೆ ಬಾಳಿದವರು, ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ಗಾಬರಿಯಾಗಿ ಫೋನ್ ಮಾಡಿದರು.

“ಏನ್ ಹಚ್ಚಿರಿ ಮಾರಾಯ್ರ ಗಾಡಿಗೆ? ಮೈ ತುಂಬ ಗುಳ್ಳಿ ಎದ್ದಾವು! ನಮ್ಮಾಕಿ ಬೇವಿನ ತಪ್ಪಲಾ ಕಟ್ಯಾಳ ಕನ್ನಡಿಗೆ!”

ಕೋಟಿಂಗ್ ಚೆನ್ನಾಗಿ ಕೂತಿದ್ದರೆ ಮಳೆ ನೀರು ಹರಡಿಕೊಳ್ಳದೆ ಮಣಿಮಣಿಯಾಗಿ ನಿಲ್ಲುತ್ತದೆ. ಅದನ್ನು ಹೇಳಲು ಹೋದರೆ ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ.

“ಸಾಹೇಬ್ರ, ಒಂದ ಸಲ ಅಂಗೈಲೆ ಸವರಿ ನೋಡ್ರಿ.”

ಅವರು ಫೋನ್ ಪಕ್ಕಕ್ಕಿಟ್ಟು ಹೋದರು. ಸ್ವಲ್ಪ ಹೊತ್ತಿನ ಮೇಲೆ ದನಿ ಕೇಳಿಸಿತು.

“ಹೋದ್ವು ನೋಡ್ರಿ! ಫೋನಿನ್ಯಾಗ ಹೋದ್ವು! ಕೈಗುಣ ಭಾಳ ಛಲೋ ಐತ್ರಿ ನಿಮ್ದು.”

೪. ಮೂರು ಕವರು

ನಮ್ಮ ಓಣಿಯಿಂದ ಎರಡು ಓಣಿ ಆಚೆ ಒಬ್ಬ ರಿಟೈರ್ಡ್ ಡ್ರಾಯಿಂಗ್ ಮಾಸ್ತರರಿದ್ದರು. ಆಸೆಪಟ್ಟು ಮುತ್ತಿನಂಥ ಬಿಳಿ ಬಣ್ಣದ ಕಾರು ತೆಗೆದುಕೊಂಡಿದ್ದರು. ಕೋಟಿಂಗ್ ಮಾಡುವಾಗ ಬೆಳಿಗ್ಗೆಯಿಂದ ಸಂಜೆಯವರೆಗೆ ಸ್ಟೂಲಿನ ಮೇಲೆ ಕೂತು, “ಮೆತ್ತಗ್ರೀ... ಮೆತ್ತಗ್ರೀ...” ಅನ್ನುತ್ತಲೇ ಇದ್ದರು. ನಾನು ತಿಕ್ಕುತ್ತಿದ್ದದ್ದು ಅವರ ಬೆನ್ನನ್ನೇ ಎಂಬಂತಿತ್ತು.

ಎಂಟು ತಿಂಗಳ ಮೇಲೆ ಸ್ಕೂಟರಿನಲ್ಲಿ ಬಂದು, “ಬರ್ರಿ, ನಿಮ್ಮ ಕೋಟಿಂಗ್ ಹೆಂಗ ಐತಿ ತೋರಸ್ತೇನಿ” ಎಂದು ಮನೆಗೆ ಕರೆದೊಯ್ದರು. ಗೇಟಿನಲ್ಲೇ ಚಪ್ಪಲಿ ಬಿಡಿಸಿದರು. ಕಾರಿನ ಮೇಲೆ ಲಾರಿಗೆ ಹೊದಿಸುವಂಥ ತಾಡಪತ್ರಿ, ಅದರ ಕೆಳಗೆ ಬೆಳ್ಳಿ ಬಣ್ಣದ ಕವರು, ಅದರ ಕೆಳಗೆ ಮೆತ್ತನೆಯ ಕಾಟನ್ ಕವರು. ಮೂರನ್ನೂ ಒಂದು ಮೂಲೆಯಲ್ಲಿ ಗೇಣುದ್ದ ಎತ್ತಿ, “ನೋಡಿದ್ರ್ಯಾ?” ಎಂದು ಕೇಳಿ, ಗಾಳಿ ಬಡಿದೀತೆಂದು ತಟ್ಟನೆ ಮುಚ್ಚಿದರು.

“ಎಷ್ಟ ಓಡಿಸೀರಿ ಸರ್?”

“ಹನ್ನೊಂದ ಕಿಲೋಮೀಟರ್!” ಎದೆ ಉಬ್ಬಿಸಿ ಹೇಳಿದರು. “ಶೋರೂಮಿನಿಂದ ನಿಮ್ಮ ಅಂಗಡಿಗೆ, ನಿಮ್ಮ ಅಂಗಡಿಯಿಂದ ಮನಿಗೆ. ಯಾಕ ಸುಮ್ಮ ಹೊರಗ ತಗೀಬೇಕು?”

ಅವರ ಹೆಂಡತಿ ಚಹಾ ತಂದುಕೊಟ್ಟು ನನ್ನ ಊರು, ಮನೆತನ, ಎಲ್ಲ ವಿಚಾರಿಸಿದರು. ಮದುವೆಯಾಗಿಲ್ಲ ಎಂದಾಗ ಅವರ ಕಣ್ಣು ಅಗಲವಾಯಿತು. “ನಮ್ಮಣ್ಣನ ಮಗಳು ಒಬ್ಬಾಕಿ ಧಾರವಾಡದಾಗ ಅದಾಳ. ಸಾಲ್ಯಾಗ ಟೀಚರ್” ಅಂದರು. ನಾನು ನೆಟ್ಟಗೆ ಕೂತೆ.

ಹೊರಡುವಾಗ ಗೇಟಿನವರೆಗೂ ಬಂದು, ಗಂಡ ಒಳಗಿದ್ದಾರೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ, “ಒಂದ ಮಾತ ಕೇಳ್ತೇನಿ, ಅವರ ಮುಂದ ಅನಬ್ಯಾಡ್ರಿ” ಅಂದರು. ಹುಡುಗಿಯ ವಿಷಯವೇ ಎಂದು ಕಿವಿ ಕೊಟ್ಟೆ.

“ಅದು ಬಂದಾಗ ನಾ ತವರಮನಿಗೆ ಹೋಗಿದ್ದೆ. ಕಾರಿನ ಬಣ್ಣ ಯಾವದ್ರೀ?”

೫. ಒಂಬತ್ತನೆಯ ಮನೆ

ಧಾರವಾಡದಿಂದ ಹೇಳಿಕೆ ಬಂತು. ಹೆಣ್ಣು ನೋಡುವ ದಿನವನ್ನೂ ಅವರೇ ಗೊತ್ತು ಮಾಡಿದ್ದರು. ಅಲ್ಲಿ ಹೋಳಿಹುಣ್ಣಿಮೆಯ ಮರುದಿನವೇ ಬಣ್ಣ ಆಡಿ ಮುಗಿಸುತ್ತಾರೆ. ಗದ್ದಲವೆಲ್ಲ ಮುಗಿದಿರಲಿ ಎಂದು ಐದನೆಯ ದಿನ ಇಟ್ಟುಕೊಂಡಿದ್ದರು. ಹುಬ್ಬಳ್ಳಿಯಲ್ಲಿ ಬಣ್ಣ ಶುರುವಾಗುವುದೇ ಐದನೆಯ ದಿನ, ರಂಗಪಂಚಮಿಗೆ!

“ದಿನಾ ಬದಲಿ ಮಾಡ್ರಿ ಅಂತ ಹೇಳೂನೇನವಾ?” ಅಂದೆ.

“ಬಾಯಿ ಮುಚ್ಚು. ಇದೂ ಜಾರ್ತೈತಿ” ಅಂದಳು ಅವ್ವ.

ಮಾಸ್ತರರ ಹೆಂಡತಿ ಗಂಡನಿಗೆ, “ಕಾರ ತಗದ್ರ ಬರ್ತೇನಿ, ಇಲ್ಲಂದ್ರ ಇಲ್ಲ” ಎಂದು ಹಟ ಹಿಡಿದರು. ಬೆಳಿಗ್ಗೆ ಆರೂವರೆಗೆ, ಬಣ್ಣದವರು ಏಳುವ ಮೊದಲೇ, ಊರು ಬಿಡುವುದೆಂದಾಯಿತು. ನಾನು ಇಸ್ತ್ರಿ ಮಾಡಿದ ಹೊಸ ಬಿಳಿ ಅಂಗಿ ಹಾಕಿಕೊಂಡು ಅವ್ವನೊಂದಿಗೆ ಹೋಗಿ ನಿಂತೆ. ಮಾಸ್ತರರು ತಾಡಪತ್ರಿ ತೆಗೆದರು. ಮೂಲೆಗೆ ಮೂಲೆ ಕೂಡಿಸಿ ಮಡಚಿದರು. ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಮಡಚಿದರು. ಬೆಳ್ಳಿ ಕವರಿಗೂ ಅದೇ ಉಪಚಾರ. ಕಾಟನ್ ಕವರನ್ನು, ಧಾರವಾಡದಲ್ಲಿ ಹೊದಿಸಲು ಬೇಕೆಂದು ಡಿಕ್ಕಿಯಲ್ಲಿಟ್ಟರು. ಅಷ್ಟರಲ್ಲಿ ಒಂಬತ್ತೂವರೆ. ಕೀಲಿ ತಿರುವಿದರು. ಟಕ್ ಅಂತು, ಅಷ್ಟೇ. ತಿಂಗಳುಗಟ್ಟಲೆ ಮಲಗಿದ ಬ್ಯಾಟರಿ ಪ್ರಾಣ ಬಿಟ್ಟಿತ್ತು.

ಮಾಸ್ತರರು ಸ್ಟೇರಿಂಗ್ ಹಿಡಿದಿದ್ದರು. ಹೆಂಗಸರಿಬ್ಬರು ಹಿಂದಿನ ಸೀಟಿನಲ್ಲಿ ಗಾಜು ಏರಿಸಿಕೊಂಡು ಕೂತಿದ್ದರು. ನೂಕುವವನು ನಾನೊಬ್ಬನೇ.

ಓಣಿಯ ತುದಿಗೆ ಬರುವುದರೊಳಗೆ ಹೋಳಿಯ ಹಲಗೆ ಬಾರಿಸುವ ಸದ್ದು ಕೇಳಿತು. ಎದುರಿಗೆ ನಲವತ್ತು ಮಂದಿ, ಅರ್ಧಕ್ಕರ್ಧ ನನ್ನ ಗಿರಾಕಿಗಳೇ. ಮುಂದೆ ಕೆಂಪು ನೀರಿನ ಬಕೆಟ್ ಹಿಡಿದು ಅಮರಗೋಳದ ಮೆಣಸಿನಕಾಯಿ ವ್ಯಾಪಾರಿ!

“ಏನೂ ಅಂಟೂದಿಲ್ಲ ಅಂತ ಬೋರ್ಡ್ ಹಾಕೀರಲ್ರಿ, ನೋಡೇ ಬಿಡೂನು ಬರ್ರಿ!”

“ಅದು ಕಾರಿಗ್ರೀ! ನನಗಲ್ರೀ!” ಎಂದು ಕೂಗಿದೆ. ಬಾಯಿ ತೆರೆದದ್ದೇ ತಪ್ಪಾಯಿತು. ಕೆಂಪು, ನೇರಳೆ, ಹಸಿರು, ಕೊನೆಗೆ ಕಿವಿಗೆ ಸಿಲ್ವರ್ ಪೇಂಟು. ಕಾರಿಗೂ ಅಷ್ಟೇ ಸೇವೆ ಸಿಕ್ಕಿತು. ಒಳಗೆ ಮಾಸ್ತರರು ಕಣ್ಣು ಮುಚ್ಚಿ ಸ್ಟೇರಿಂಗಿಗೆ ಹಣೆ ಹಚ್ಚಿದ್ದರು. ಮಂದಿ ಮಾತ್ರ ಒಳ್ಳೆಯವರು. ಬಣ್ಣ ಹಾಕಿದ ಮೇಲೆ ನಲವತ್ತೂ ಜನ ಸೇರಿ ನೂಕಿ, ಎಂಜಿನ್ ಚಾಲೂ ಮಾಡಿಕೊಟ್ಟೇ ಕಳಿಸಿದರು.

ಉಣಕಲ್ ದಾಟಿ ಒಂದು ನಳದ ಹತ್ತಿರ ನಿಲ್ಲಿಸಿದೆವು. ಎಂಜಿನ್ ಬಂದ್ ಮಾಡುವ ಧೈರ್ಯವಾಗಲಿಲ್ಲ. ಕಾರಿನ ಮೇಲೆ ಒಂದು ಬಕೆಟ್ ನೀರು ಸುರಿದೆ. ಬಣ್ಣವೆಲ್ಲ ಸರ್ರನೆ ಇಳಿದು, ಮುತ್ತಿನಂಥ ಬಿಳಿ ಫಳಫಳ ಹೊಳೆಯಿತು. ಮಾಸ್ತರರು ಕಣ್ಣೀರು ತುಂಬಿಕೊಂಡು ನನ್ನನ್ನು ತಬ್ಬಲು ಬಂದವರು, ಹತ್ತಿರ ಬಂದು ನೋಡಿ, “ಬ್ಯಾಡ, ಹತ್ತತೈತಿ” ಎಂದು ಹಿಂದೆ ಸರಿದರು. ನಾನು ಮೂರು ಬಕೆಟ್ ಸುರಿದುಕೊಂಡೆ. ನೇರಳೆ ಇನ್ನಷ್ಟು ಒಳ್ಳೆಯ ನೇರಳೆಯಾಯಿತು.

“ಸೀಟಿಗೆ ಕೋಟಿಂಗ್ ಇಲ್ರೀ” ಎಂದು ಮಾಸ್ತರರು ಡಿಕ್ಕಿಯಿಂದ ಕಾಟನ್ ಕವರು ತೆಗೆದು, ನನ್ನನ್ನು ಕುತ್ತಿಗೆಯವರೆಗೆ ಸುತ್ತಿ ಕೂರಿಸಿದರು. ಹಿಂದಿನಿಂದ ಅವ್ವ ಮೂಗು ಸೀಟುತ್ತ, “ಒಂಬತ್ತನೇದೂ ಜಾರ್ತು” ಅಂದಳು.

ಧಾರವಾಡದಲ್ಲಿ ಹುಡುಗಿಯ ತಂದೆ ಬಾಗಿಲಲ್ಲೇ ನಿಂತಿದ್ದರು. “ಏನ ಛಂದ ಹೊಳಿತೈತ್ರೀ ಗಾಡಿ! ಹುಡುಗ ಎಲ್ಲಿ?” ಅಂದರು. ಮಾಸ್ತರರು ನನ್ನನ್ನು ಇಳಿಸಿ, ಕವರು ಬಿಚ್ಚಿ, ಅಭ್ಯಾಸಬಲದಿಂದ ಮೂಲೆಗೆ ಮೂಲೆ ಕೂಡಿಸಿ ಮಡಚಿ, ಆಮೇಲೆ, “ಇವರ ನೋಡ್ರಿ” ಅಂದರು. ತಂದೆ ಒಂದು ಹೆಜ್ಜೆ ಹಿಂದೆ ಸರಿದರು.

ನನ್ನನ್ನು ಗೋಣಿಚೀಲ ಹಾಸಿದ ಕುರ್ಚಿಯ ಮೇಲೆ ಕೂರಿಸಿದರು. ಹುಡುಗಿ ಉಪ್ಪಿಟ್ಟು ತಂದಳು. ತಂದೆ ಧೈರ್ಯ ಮಾಡಿ ಕೇಳಿದರು: “ನೋಡವಾ, ಹುಡುಗ ಹೆಂಗ ಅನಸ್ತಾರ?”

“ಇನ್ನೂ ಕಂಡಿಲ್ಲಪ್ಪಾ. ತೊಳದ ಮ್ಯಾಲೆ ಹೇಳ್ತೇನಿ.”

ಕೊಬ್ಬರಿ ಎಣ್ಣೆ, ಕಡಲೆಹಿಟ್ಟು, ಸೋಪು ಕೊಟ್ಟು ನನ್ನನ್ನು ಹಿತ್ತಲಿಗೆ ಅಟ್ಟಿದರು. ನಾಲ್ಕು ಸಲ ತಿಕ್ಕಿಕೊಂಡು ಬರುವಷ್ಟರಲ್ಲಿ ಮಾಸ್ತರರ ಹೆಂಡತಿ ದಾರಿಯ ಕಥೆಯೆಲ್ಲ ಒಳಗೆ ಹೇಳಿ ಮುಗಿಸಿದ್ದರು. ಈಗ ಗುಲಾಬಿಯಾಗಿದ್ದೆ, ಕಿವಿ ಬೆಳ್ಳಿ. ಅವ್ವನಿಗೆ ತಡೆಯಲಾಗಲಿಲ್ಲ. “ಏನ ಹೇಳೂದೈತಿ ಈಗ ಹೇಳಿಬಿಡವಾ. ತಿಳಸ್ತೇವಿ ಅಂತ ಮಾತ್ರ ಅನಬ್ಯಾಡ” ಎಂದು ಕೈಮುಗಿದಳು.

ಹುಡುಗಿ ಕಿಟಕಿಯಿಂದ ಕಾರು ನೋಡಿದಳು. ನನ್ನನ್ನು ನೋಡಿದಳು. ನಗು ತಡೆದುಕೊಂಡು ಹೇಳಿದಳು:

“ಆ ಕಾರಿಗೆ ಎಷ್ಟ ಹಚ್ಚಿದ್ರೂ ಒಂದ ನೀರಿಗೆ ಎಲ್ಲಾ ಬಿಡತಂತ. ಇವರು ನಾಕ ಸಲ ತೊಳಕೊಂಡ್ರೂ ಬಿಟ್ಟಿಲ್ಲ. ಇವರ ಇರ್ಲಿ ಬಿಡ್ರಿ. ಹಚ್ಚಿಕೊಂಡಿದ್ದನ್ನ ಬಿಡೂ ಮನಷ್ಯಾರಲ್ಲ.”

“ಅಂಟ್ತು!” ಎಂದು ಚೀರಿ ಅವ್ವ ಎದ್ದು ಓಡಿಬಂದು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಅವಳ ಹೊಸ ಸೀರೆಗೂ ಅಂಟಿತು.