ಹರಿಗೋಲಿಗೆ ಎತ್ತು ಹೂಡಿದ್ದು

ನಮ್ಮ ಓಣಿಯಲ್ಲಿ ಜಗತ್ತಿನ ವಿಷಯ ಬಂದರೆ ಕೊನೆಯ ಮಾತು ನನ್ನದೇ ಆಗಿರುತ್ತಿತ್ತು. ಬಳ್ಳಾರಿಯ ಸಾಲೆಯೊಂದರಲ್ಲಿ ನಾನು ಭೂಗೋಳ ಕಲಿಸುತ್ತಿದ್ದೆ. ಮನೆಯ ಪಡಸಾಲೆಯಲ್ಲಿ ಪ್ರಪಂಚದ ನಕ್ಷೆಯೊಂದನ್ನು ತೂಗುಹಾಕಿದ್ದೆ. ಸಂಜೆ ನಾಲ್ಕು ಜನ ನಮ್ಮ ಕಟ್ಟೆಯ ಮೇಲೆ ಸೇರಿದಾಗ ರಷ್ಯಾ ಎಲ್ಲಿದೆ, ಚೀನಾ ಎಷ್ಟು ದೂರ ಎಂದು ಬೆತ್ತ ಹಿಡಿದು ತೋರಿಸುತ್ತಿದ್ದೆ. ಸಮುದ್ರಗಳ ಹೆಸರಂತೂ ನನಗೆ ಬಾಯಿಪಾಠ. ಸಮುದ್ರವನ್ನು ನೋಡಿರಲಿಲ್ಲ, ಅಷ್ಟೆ. ನೋಡಿದ್ದೀರಾ ಎಂದು ಯಾರೂ ಕೇಳಿರಲಿಲ್ಲ.

ಹೀಗೆ ಸುಖವಾಗಿದ್ದ ನನ್ನ ಬಾಳಿನೊಳಕ್ಕೆ ಮುನ್ಷಿ ಖಾದರ್ ಸಾಹೇಬರು ಸ್ಪೇನ್ ದೇಶದಿಂದ ತಿರುಗಿ ಬಂದರು.

ಸಾಹೇಬರು ದಂಡಿನ ಇಂಗ್ಲಿಷ್ ಅಧಿಕಾರಿಗಳಿಗೆ ಹಿಂದುಸ್ತಾನಿ, ಪಾರಸಿ ಕಲಿಸುವವರು. ನಮ್ಮ ಹಿಂದಿನ ಓಣಿಯಲ್ಲೇ ಅವರ ಮನೆ. ಅವರ ಶಿಷ್ಯನಾಗಿದ್ದ ದೊರೆಯೊಬ್ಬನಿಗೆ ಎದೆಯ ಕಾಯಿಲೆ ಅಂಟಿಕೊಂಡು, ಕಡಲ ಗಾಳಿ ಕುಡಿಯಬೇಕೆಂದು ಆತ ಸ್ಪೇನಿನ ದಂಡೆಯ ಮೇಲೆ ಮೀನುಗಾರರ ಊರೊಂದರಲ್ಲಿ ಹೋಗಿ ನೆಲೆಸಿದ. ಅರ್ಧಕ್ಕೆ ನಿಂತ ಪಾರಸಿ ಓದು ಮುಗಿಯಲಿ ಎಂದು ಮುನ್ಷಿಯವರನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ವರ್ಷಕ್ಕೂ ಮಿಕ್ಕಿ ಇದ್ದು ಬಂದ ಸಾಹೇಬರು, ಬಂದ ಮಾರನೆಯ ಸಂಜೆಯೇ ಗಡ್ಡಕ್ಕೆ ಅತ್ತರು ಹಚ್ಚಿಕೊಂಡು ನಮ್ಮ ಕಟ್ಟೆಗೆ ಬಂದು ಕುಳಿತರು. ಕೇಳುವ ಜನ ಸೇರುತ್ತಿದ್ದುದು ಅಲ್ಲೇ ಅಲ್ಲವೆ?

“ಮನಿಗೆಲ್ಲಾ ಸುಣ್ಣಾ ಬಳದಿರ್ತಾರ್ರಿ, ಬಿಸಿಲಾಗ ಕಣ್ಣು ಬಿಡಾಕ ಆಗೂದಿಲ್ಲ. ದೋಣಿ ಮೂತಿ ಮ್ಯಾಲ ಎರಡು ಕಣ್ಣು ಬರದಿರ್ತಾರ. ಯಾಕಂದ್ರ, ದೋಣಿಗೂ ದಾರಿ ಕಾಣಬೇಕಲ್ರಿ. ಗಂಡಸ್ರು ಕಡಲಿಗೆ ಹೋದ ಮ್ಯಾಲ ಹೆಂಗಸ್ರು ಮರಳಾಗ ಕುಂತು ಹರದ ಬಲಿ ಹೊಲೀತಾರ. ಬಾಯಿ ಸುಮ್ನ ಇರೂದಿಲ್ಲ. ಅರ್ಧ ಹಾಡು, ಅರ್ಧ ಬೈಗುಳ.”

ಕಾಳಿನ ಅಂಗಡಿಯ ಶೆಟ್ಟರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದ್ದರು.

“ನಾ ಇಳಕೊಂಡಿದ್ದ ಮನಿ ಮುದುಕಿ ಒಂದಿನ ನನಗ ಕೊಡ ಕೊಟ್ಲು. ‘ನಿಮ್ಮ ಮುಸಲ್ಮಾನ್ರು ಹಿಂದಕ ಈ ಸೀಮಿ ಆಳಿದ್ರಂತ. ಈಗ ನೀ ಹೋಗಿ ನೀರು ತಗೊಂಡು ಬಾ’ ಅಂದ್ಲು. ಹೋಗಿ ತಂದೆ.”

ಕಟ್ಟೆ ನಕ್ಕಿತು. ನಾನು ನಗಲಿಲ್ಲ. ಗಂಟಲು ಸರಿಮಾಡಿಕೊಂಡು ಕೇಳಿದೆ: “ಅದೆಲ್ಲಾ ಇರ್ಲಿ. ಆ ಊರು ಯಾವ ಅಕ್ಷಾಂಶದ ಮ್ಯಾಲ ಐತಿ?”

ಸಾಹೇಬರು ಯೋಚಿಸಿದರು. “ಅದು ನನಗ ಗೊತ್ತಿಲ್ರಿ ಮಾಸ್ತರ್ ಸಾಹೇಬ್ರ. ಅಲ್ಲಿರೋರಿಗೂ ಗೊತ್ತಿರ್ಲಿಲ್ಲ.”

ಕಟ್ಟೆ ಮತ್ತೆ ನಕ್ಕಿತು. ಈ ಸಲ ಯಾರನ್ನು ನೋಡಿ ನಕ್ಕಿತೆಂಬುದು ನನಗೆ ತಿಳಿಯಿತು.

ಅಂದು ಊಟಕ್ಕೆ ಕುಳಿತಾಗ ನನ್ನ ಹೆಂಡತಿ ರುಕ್ಕಮ್ಮ ಸಾರು ಬಡಿಸುತ್ತಾ, “ಕಿಟಕ್ಯಾಗ ನಿಂತು ಕೇಳಿದೆ ನೋಡ್ರಿ. ಮುನ್ಷಿಯೋರು ಹೇಳಿದ್ರ ಕಣ್ಣಿಗೆ ಕಟ್ಟಿಧಂಗ ಇರತೈತಿ” ಎಂದಳು.

“ನಾನೂ ಸ್ಪೇನ್ ತೋರಿಸೀನಲ್ಲ, ನಕ್ಷೆದಾಗ?”

“ತೋರಿಸೀರಿ. ಹಳದಿ ಬಣ್ಣ ಇತ್ತು.”

ಮದುವೆಯಾದಾಗಿನಿಂದ ಈ ಹೆಂಗಸು ನನ್ನ ವಿದ್ಯೆಯ ಬಗ್ಗೆ ಆಡಿದ ಅತ್ಯಂತ ದೀರ್ಘವಾದ ವಿಮರ್ಶೆ ಅದು. ಸಾರಿನಲ್ಲಿ ಉಪ್ಪಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಹೊಟ್ಟೆಯಲ್ಲಿ ಬೇರೆಯೇ ಒಲೆ ಉರಿಯುತ್ತಿತ್ತು.

ಆಮೇಲಿನ ಸಂಜೆಗಳಲ್ಲಿ ನನ್ನ ಕೆಲಸ ಒಂದೇ ಆಯಿತು: ಸಾಹೇಬರ ಬಾಯಿಂದ ಒಂದಾದರೂ ಸುಳ್ಳು ಬೀಳಲಿ ಎಂದು ಬೆಕ್ಕಿನಂತೆ ಕಾಯುವುದು. ಕೊನೆಗೂ ಬಿದ್ದಿತು.

“ದೋಣಿ ತಿರುಗಿ ಬಂದಾಗ ದಂಡಿಗೆ ಎಳ್ಯಾಕ ಎತ್ತು ಹೂಡ್ತಾರ. ಎದಿಮಟ ನೀರಾಗ ಇಳೀತಾವ್ರಿ ಎತ್ತು, ತೆರಿ ಬಂದು ಬಡದ್ರೂ ಜಗ್ಗೂದಿಲ್ಲ” ಎಂದರು ಸಾಹೇಬರು.

“ನಿಲ್ಲಿಸ್ರಿ,” ಎಂದೆ. “ಎತ್ತು ನೇಗಿಲಾ ಎಳೀತಾವ, ಬಂಡಿ ಎಳೀತಾವ. ದೋಣಿ ಎಳಿಯೂದು ಯಾವ ಪುಸ್ತಕದಾಗೂ ಇಲ್ಲ. ನೀರಿನ ತೆರಿ ಕಂಡ್ರ ಎತ್ತು ಹಗ್ಗಾ ಹರಕೊಂಡು ಓಡ್ತಾವ.”

“ನಾ ಕಣ್ಣಾರೆ ನೋಡೀನ್ರಿ, ಜನಾಬ್.”

“ಹಂಗಾರ ನಾವೂ ನೋಡೂಣು. ಸಿರುಗುಪ್ಪದಾಗ ಹೊಳಿ ಐತಿ, ಕುರುಗೋಡಿನಾಗ ನಮ್ಮ ಮಾವನ ಎತ್ತು ಅದಾವ. ಎಲ್ಲಾರೂ ನಡೀರಿ.”

ಸಾಹೇಬರು ಬೇಡವೆಂದರು. ಅವರು ಬೇಡವೆಂದಷ್ಟೂ ನನ್ನ ಧೈರ್ಯ ಏರಿತು. ಶೆಟ್ಟರು ಮಾತ್ರ ತಮ್ಮ ತೆಲುಗಿನಲ್ಲಿ “ಚೂದ್ದಾಂ, ಚೂದ್ದಾಂ,” ನೋಡೋಣ ನಡೆಯಿರಿ ಎಂದು ಆಗಲೇ ಎದ್ದು ನಿಂತಿದ್ದರು. ತವರು ನೋಡುವ ಆಸೆಗೆ ರುಕ್ಕಮ್ಮನೂ ಹೊರಟಳು.

ಸಾಲೆಗೆ ರಜೆ ಬಂದಾಗ ಬಂಡಿ ಕಟ್ಟಿಸಿಕೊಂಡು ಕುರುಗೋಡಿಗೆ ಹೋದೆವು. ಮಾವನವರ ಕೊಟ್ಟಿಗೆಯಲ್ಲಿ ಬಂಡಿಯ ಎತ್ತುಗಳಿದ್ದವು, ಹೊಲದ ಎತ್ತುಗಳಿದ್ದವು. ಅವು ಆಗಾಗ ಹೊಳೆ ದಾಟುವಂಥವು, ನನಗೆ ಬೇಡವಾಗಿದ್ದವು. ಮೂಲೆಯಲ್ಲಿ ಗುಡ್ಡದಂಥ ಎರಡು ಬಿಳಿ ಎತ್ತುಗಳು ನಿಂತಿದ್ದವು.

“ಇವು ಹೊಳಿ ನೋಡ್ಯಾವೇನ್ರಿ?” ಎಂದು ಕೇಳಿದೆ.

“ಹುಟ್ಟಿದಾಗಿಂದ ತ್ವಾಟ ಬಿಟ್ಟು ಹೋಗಿಲ್ಲ. ಆದ್ರ ಅಳಿಯಂದ್ರ, ಅವು ಕಪಿಲಿ ಎತ್ತು. ಅವಕ್ಕ ನೀರಿನ ಸಪ್ಪಳ ಕೇಳಿದ್ರ...”

“ಅಂಜಿಕಿ ಆಗತೈತಿ. ನನಗ ಅಂಥವ ಬೇಕು.”

ಮಾವನವರು ಇನ್ನೂ ಏನೋ ಹೇಳುವವರಿದ್ದರು. ಭೂಗೋಳದ ಮಾಸ್ತರನಾದ ನಾನು ಅವರಿಗೆ ಬಾಯಿ ತೆರೆಯಲು ಅವಕಾಶ ಕೊಡಲಿಲ್ಲ.

ಸಿರುಗುಪ್ಪದ ಹೊಳೆಯ ದಂಡೆಯಲ್ಲಿ ಅಂಬಿಗರ ಹುಲಿಗೆಪ್ಪ ತನ್ನ ದೊಡ್ಡ ಹರಿಗೋಲನ್ನು ಕೊಟ್ಟ. ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ ಆ ದುಂಡನೆಯ ದೋಣಿಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಎತ್ತುಗಳನ್ನು ಮರಳ ಏರಿನ ಮೇಲೆ ನಿಲ್ಲಿಸಿ, ನೊಗದಿಂದ ನೀರಿನಲ್ಲಿದ್ದ ಹರಿಗೋಲಿಗೆ ಉದ್ದನೆಯ ಹಗ್ಗ ಕಟ್ಟಿದರು. ಹೊಳೆಗೆ ಬಂದಿದ್ದ ಹೆಂಗಸರು ಕೊಡ ಇಳಿಸಿ ನಿಂತರು. ಅಗಸರು ಬಟ್ಟೆ ಒಗೆಯುವುದನ್ನು ಬಿಟ್ಟು ಬಂದರು.

“ಖಾಲಿ ಹರಿಗೋಲು ಹಗುರ ಐತ್ರಿ ಸ್ವಾಮೇರ. ಆಡು ಕಟ್ಟಿದ್ರೂ ಎಳೀತೈತಿ” ಎಂದ ಹುಲಿಗೆಪ್ಪ.

ಹಗುರವಾದರೆ ನಾನು ಸೋತಂತೆ. ಭಾರ ಬೇಕು. ಹುಲಿಗೆಪ್ಪನ ಒದ್ದೆ ಬಲೆಗಳನ್ನೆಲ್ಲ ಒಳಗೆ ತುಂಬಿಸಿದೆ. ಅದೂ ಸಾಲದೆಂದು, ಮಡಿ ಮೈಲಿಗೆಯನ್ನು ಬದಿಗಿಟ್ಟು, ಜರಿಯ ರುಮಾಲು ಸುತ್ತಿದ್ದ ನಾನೇ ಹತ್ತಿ ಬಲೆಗಳ ರಾಶಿಯ ಮೇಲೆ ಕುಳಿತೆ. ಮೀನಿನ ವಾಸನೆ ತಲೆಗೇರಿತು. ಗೆಲುವಿನ ವಾಸನೆ ಅದಕ್ಕಿಂತ ಜೋರಾಗಿತ್ತು.

“ಇಳೀರಿ ಮಾಸ್ತರ್ ಸಾಹೇಬ್ರ. ನೀವು ಹೇಳಿದ್ದ ಖರೆ ಅಂತ ನಾ ಒಪ್ಪತೀನಿ” ಎಂದರು ಸಾಹೇಬರು.

ನಾನು ಇಳಿಯಲಿಲ್ಲ. ಎತ್ತುಗಳನ್ನು ಹೊಡೆದರು, ಬೈದರು, ಬಾಲ ತಿರುವಿದರು. ಅವು ಕಲ್ಲಿನ ಬಸವಣ್ಣನಂತೆ ನಿಂತೇ ಇದ್ದವು. ನನಗಾದ ಆನಂದವನ್ನು ಹೇಗೆ ಹೇಳಲಿ! ಹುಟ್ಟು ಹಿಡಿದು ಎದ್ದು ನಿಂತು, ನೆರೆದ ಸಭೆಗೆ ಉಪನ್ಯಾಸ ಆರಂಭಿಸಿದೆ.

“ನೋಡಿದ್ರಲ್ಲ? ಎತ್ತು ನೆಲದ ಪ್ರಾಣಿ. ಇದು ನೀರು!” ಎಂದು ಹುಟ್ಟಿನಿಂದ ಹೊಳೆಯನ್ನು ಫಟಾರನೆ ಬಡಿದೆ.

ಎತ್ತುಗಳ ಕಿವಿ ನೆಟ್ಟಗಾಯಿತು.

ಕಪಿಲೆ ಎತ್ತು ಎಂದರೆ ಬಾವಿಯಿಂದ ನೀರೆತ್ತುವ ಎತ್ತು; ಮಾವನವರು ಹೇಳಬೇಕೆಂದಿದ್ದುದು ಇದನ್ನೇ. ಬಾವಿಯಲ್ಲಿ ತೊಗಲಿನ ಚೀಲ ನೀರಿಗೆ ಬಿದ್ದು ಸಪ್ಪಳವಾಯಿತೆಂದರೆ, ಹಗ್ಗ ಕಟ್ಟಿಸಿಕೊಂಡ ಎತ್ತುಗಳು ಅದನ್ನು ಮೇಲಕ್ಕೆ ಎಳೆಯಬೇಕು. ಹುಟ್ಟಿದಾಗಿನಿಂದ ಅವು ಕಲಿತ ವಿದ್ಯೆ ಅದೊಂದೇ. ನನ್ನ ಉಪನ್ಯಾಸದ ಉಳಿದ ಭಾಗ ಅವಕ್ಕೆ ಬೇಕಾಗಿರಲಿಲ್ಲ.

ಒಂದು ಜಗ್ಗಿಗೆ ನಾನು ಬಲೆಗಳ ಮೇಲೆ ಅಂಗಾತ ಬಿದ್ದೆ. ಹರಿಗೋಲು ನೀರು ಬಿಟ್ಟು ಮರಳೇರಿತು. ಅಗಸರು ಹರವಿದ್ದ ಸೀರೆ ಧೋತರಗಳ ಮೇಲೆ ಹಾದು, ಅವುಗಳಲ್ಲಿ ಕೆಲವನ್ನು ಸುತ್ತಿಕೊಂಡು ಸಾಗಿತು. ನಾನು ಒಳಗೆ ಬುಗುರಿಯಂತೆ ತಿರುಗುತ್ತಿದ್ದೆ. ಒಂದು ಸುತ್ತಿಗೆ ಹೊಳೆ, ಒಂದು ಸುತ್ತಿಗೆ ಜನ, ಮತ್ತೊಂದು ಸುತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡ ರುಕ್ಕಮ್ಮ ಕಾಣಿಸಿದಳು. ಏರಿನ ತುದಿಯಲ್ಲಿ ಎತ್ತುಗಳು ತಾವಾಗಿಯೇ ನಿಂತವು. ಮುಗಿಯಿತು ಎಂದುಕೊಂಡೆ.

ಕಪಿಲೆಯ ಎತ್ತು ನೀರು ಸುರಿದ ಮೇಲೆ ಹಿಂದಕ್ಕೆ ಹೆಜ್ಜೆ ಹಾಕಿ ಬಾವಿಗೆ ಮರಳುತ್ತದೆ. ಇವೂ ಹಾಕಿದವು. ಹಗ್ಗ ಸಡಿಲವಾಯಿತು. ಹರಿಗೋಲು ಇಳಿಜಾರಿನಲ್ಲಿ ಜಾರಿ, ನನ್ನ ಸಮೇತ ಧುಡುಮ್ಮನೆ ಹೊಳೆಗೆ ಬಿತ್ತು.

ನೀರಿನ ಸಪ್ಪಳವಾಯಿತು. ಎತ್ತುಗಳು ಮತ್ತೆ ಎಳೆದವು.

“ಹಗ್ಗಾ ಬಿಚ್ಚರ್ಲೇ!” ಎಂದು ಕೂಗಿದೆ. ನಕ್ಕು ಸುಸ್ತಾದವರಲ್ಲಿ ಬಿಚ್ಚುವವರು ಯಾರೂ ಇರಲಿಲ್ಲ. ಹುಲಿಗೆಪ್ಪ ಹೊಟ್ಟೆ ಹಿಡಿದುಕೊಂಡು ಮರಳಿನಲ್ಲಿ ಕುಳಿತಿದ್ದ. ಎಷ್ಟು ಸಲ ಹೋಗಿ ಬಂದೆನೆಂದು ನಾನು ಎಣಿಸಲಿಲ್ಲ. ಎಣಿಸಿದವರು ಸಿರುಗುಪ್ಪದಲ್ಲಿ ಬಹಳ ಜನ ಇದ್ದರು. ಕೊನೆಗೆ ಮುನ್ಷಿ ಸಾಹೇಬರೇ ಅಂಗರಖಾ ತೋಯಿಸಿಕೊಂಡು ಓಡಿ ಬಂದು, ಹುಲಿಗೆಪ್ಪನ ಕುಡುಗೋಲಿನಿಂದ ಹಗ್ಗ ಕತ್ತರಿಸಿದರು. ನನ್ನನ್ನು ಹಿಡಿದೆತ್ತಿ, ರುಮಾಲಿನಿಂದ ಒಂದು ಸಣ್ಣ ಮೀನನ್ನು ತೆಗೆದು ನೀರಿಗೆ ಬಿಟ್ಟು, ತಮ್ಮ ಶಾಲು ಹೊದಿಸಿದರು. ಅವರು ನಗಲಿಲ್ಲ. ನಕ್ಕಿದ್ದರೆ ಅವರ ಮೇಲೆ ಸಿಟ್ಟಾಗಬಹುದಿತ್ತು. ಅದಕ್ಕೂ ದಾರಿ ಬಿಡಲಿಲ್ಲ ಆ ಮನುಷ್ಯ.

ಹಿಂದಿರುಗುವಾಗ ಬಂಡಿಯಲ್ಲಿ ರುಕ್ಕಮ್ಮ ಮೂಗಿಗೆ ಸೆರಗು ಹಿಡಿದು ಕುಳಿತಿದ್ದಳು. ಕುರುಗೋಡಿನ ಗುಡ್ಡ ಕಾಣಿಸಿತು. ಆಮೇಲೆ ಮೆಲ್ಲಗೆ, “ಎತ್ತು ಎಳದ್ವಲ್ರಿ” ಎಂದಳು.

“ಅವು ಬಾವಿ ಅಂತ ತಿಳಕೊಂಡ್ವು.”

“ಏನರ ತಿಳಕೊಳ್ಳಲಿ. ಛಲೋ ಎಳದ್ವು.”

ಬಳ್ಳಾರಿಗೆ ಬಂದ ಮೇಲೆ ಕೆಲವು ದಿನ ನೆಗಡಿಯ ನೆಪ ಹೇಳಿ ಒಳಗೇ ಇದ್ದೆ. ಒಂದು ಸಂಜೆ ಕಟ್ಟೆಯ ಮೇಲೆ ಹಿಂದೆಂದೂ ಕೇಳದಂಥ ಗದ್ದಲ ಕೇಳಿಸಿತು. ಕಿಟಕಿಯಲ್ಲಿ ನಿಂತ ರುಕ್ಕಮ್ಮನ ಪಕ್ಕಕ್ಕೆ ಹೋಗಿ ಇಣುಕಿದೆ. ಕಟ್ಟೆ ತುಂಬಿ ಓಣಿಯಲ್ಲೂ ಜನ ನಿಂತಿದ್ದರು. ಶೆಟ್ಟರು “ಇನ್ನೊಮ್ಮೆ ಹೇಳ್ರಿ, ಇವರು ಕೇಳಿಲ್ಲ” ಎಂದು ಹೊಸಬರನ್ನು ಮುಂದೆ ಕೂರಿಸುತ್ತಿದ್ದರು. ಸ್ಪೇನಿನ ಗೊಡವೆಯೇ ಇಲ್ಲ. ಸಾಹೇಬರು ಸಿರುಗುಪ್ಪದ ಕತೆ ಹೇಳುತ್ತಿದ್ದರು.

ಹೇಗೆ ಹೇಳಿದರೆಂದರೆ, ಹುಟ್ಟು ನೀರಿಗೆ ಬಡಿಯುವ ಮುನ್ನ ಒಂದು ಗಳಿಗೆ ಸುಮ್ಮನಾದರು. ಆ ಮೌನದಲ್ಲಿ ನಾನೂ ಉಸಿರು ಬಿಗಿಹಿಡಿದೆ. ಎತ್ತುಗಳು ಹಿಂದಕ್ಕೆ ಹೆಜ್ಜೆ ಹಾಕುವ ಹೊತ್ತಿಗೆ ರುಕ್ಕಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದಳು, ನಾನು ಕಿಟಕಿಯ ಸರಳು ಹಿಡಿದು ನಗುತ್ತಿದ್ದೆ.

ನಗು ಮುಗಿದ ಮೇಲೆ ಹೊಟ್ಟೆಯಲ್ಲಿ ಹಳೆಯ ಉರಿ ಮತ್ತೆ ಎದ್ದಿತು. ನೀರಿಗೆ ಬಿದ್ದವನು ನಾನು, ಮೈ ನೋಯಿಸಿಕೊಂಡವನು ನಾನು. ಆ ಕತೆಯನ್ನು ಹೇಳಲು ಆ ಮುನ್ಷಿಯೇ ಬೇಕಾಯಿತೆ?