ರೊಟ್ಟಿ ಬಡಿಯುವ ಟೇಬಲ್ಲು

ಈ ಎಲ್ಲ ತಾಪತ್ರಯಕ್ಕೂ ಮೂಲ ಜಾನಕೀಬಾಯಿಯ ಎಡ ಮೊಣಕಾಲು. "ಇನ್ನ ನೆಲದ ಮ್ಯಾಲ ಕುಂಡ್ರಬ್ಯಾಡ್ರಿ" ಎಂದು ಡಾಕ್ಟರು ಹೇಳಿದ್ದೇ ತಡ, ಅವರಿಗೆ ಜೀವವೇ ಹೋದಂತಾಯಿತು. ಕೂರದೆ ರೊಟ್ಟಿ ಬಡಿಯುವುದು ಹೇಗೆ? ರೊಟ್ಟಿಯನ್ನೇ ಬಡಿಯದವರು ಆಳಂದದಲ್ಲಿ ಇದ್ದು ಮಾಡುವುದಾದರೂ ಏನು? ಮುಖ ಸಪ್ಪಗೆ ಮಾಡಿಕೊಂಡು ಖಜೂರಿಯಲ್ಲಿದ್ದ ತಂಗಿಯ ಮನೆಗೆ ಹೊರಟುಹೋದರು.

ಮಗ ಧೀರೇಂದ್ರ ಕಾಲೇಜಿನಲ್ಲಿ ಭೂಗೋಳ ಹೇಳುವ ಮನುಷ್ಯ. ಪಾಠ ಹೇಳುತ್ತ ಹೇಳುತ್ತ ತಾನೇ ಯಾವುದೋ ದ್ವೀಪಕ್ಕೆ ಹೋಗಿ ಕುಳಿತುಬಿಡುತ್ತಿದ್ದ. ಅವ್ವ ನಿಂತುಕೊಂಡು ರೊಟ್ಟಿ ಬಡಿಯುವ ಹಾಗೆ ಒಂದು ಟೇಬಲ್ಲು ಮಾಡಿಸಿದರೆ? ಕನಸು ಬಿದ್ದದ್ದೇ ಬಿದ್ದದ್ದು, ಸರಸಂಬಾದ ಬಡಿಗ ಚಂದ್ರಾಮನನ್ನು ಕರೆಸಿದ. ಹಳೆಯದೊಂದು ಸಾಗವಾನಿ ಬಾಗಿಲು ಹಲಗೆಯಾಗಿ ನಾಲ್ಕು ಕಾಲಿನ ಮೇಲೆ ಕೂತಿತು. "ಪಾಲಿಶ್ ಒಣಗಲ್ರಿ ಸರ, ಆಮ್ಯಾಲ ಸ್ಕ್ರೂ ಹೊಡೀತೇನಿ" ಎಂದ ಚಂದ್ರಾಮ.

ಆದರೆ ಯಾವ ಪಾಲಿಶ್? ಥಿನ್ನರಿನ ವಾಸನೆ ಬಂದರೆ ಅವ್ವನಿಗೆ ದಮ್ಮು. ಎಣ್ಣೆ ಹಚ್ಚಿದರೆ ಹಿಟ್ಟು ಜಿಡ್ಡು. ಒಂದು ವಾರ ಫೋನು ತಿಕ್ಕಿ ತಿಕ್ಕಿ ಧೀರೇಂದ್ರ ನೀರಿನ ವಾರ್ನಿಶ್ ಆರಿಸಿದ.

ಚಂದ್ರಾಮ ಬಾಯಿ ತೆರೆದ. "ನೀರಾಗ ಕಲಸಿದ್ದು ನೀರಿಗೆ ಹೆಂಗ ತಡೀತದ್ರಿ?"

"ಒಣಗೋತನಕ ಅಷ್ಟ ಅದಕ್ಕ ನೀರಿನ ಸಂಗ. ಒಣಗಿದ ಮ್ಯಾಲ ನೀರಿನ ಗುರುತೂ ಹಿಡಿಯಂಗಿಲ್ಲ ನೋಡು."

ಧೀರೇಂದ್ರ ಮೊಣಕಾಲೂರಿ ಕುಳಿತು ತಾನೇ ಮೂರು ಸಲ ಬಳಿದ. ನಡುನಡುವೆ ನವಿರಾದ ಉಪ್ಪುಕಾಗದದಿಂದ ಉಜ್ಜಿದ. ಆಮೇಲೆ ಒಂದು ವಾರ ಯಾರೂ ಮುಟ್ಟುವ ಹಾಗಿಲ್ಲ! ದಿನಾ ಸಂಜೆ ಕಾಲೇಜಿನಿಂದ ಬಂದವನೇ ಅದರ ಮುಂದೆ ಮಂಡಿಯೂರಿ, ಅಡ್ಡಗಣ್ಣಿನಿಂದ ಹೊಳಪು ನೋಡುತ್ತ ಕೂತುಬಿಡುತ್ತಿದ್ದ. ಬೆಳಗಿನ ಹೊತ್ತು ಅಮರ್ಜಾ ಡ್ಯಾಮಿನ ನೀರು ಹೀಗೇ ಇರುತ್ತದಲ್ಲ! ಆ ನೀರಿನ ಅಂಚಿಗೆ ಅವ್ವ ನಿಂತಿದ್ದಾಳೆ, ಬಳೆ ಸದ್ದಾಗುತ್ತಿದೆ, ಅವಳ ನಗುಮುಖ ಹಲಗೆಯೊಳಗೂ ನಗುತ್ತಿದೆ.

"ಏನ್ರಿ, ಚಹಾ ಆರಾಕತ್ತದ" ಎಂದು ಹೆಂಡತಿ ಮೈತ್ರೇಯಿ ಮೂರು ಸಲ ಕೂಗಿದರೆ ಒಮ್ಮೆ ಕೇಳಿಸುತ್ತಿತ್ತು.

ಎಂಟನೆಯ ದಿನ ರವಿವಾರ. ಮಧ್ಯಾಹ್ನದ ಬಸ್ಸಿಗೆ ಅವ್ವ ಬರುವವಳು. ಅದಕ್ಕೆ ಮುಂಚೆಯೇ ಓಣಿಯೆಲ್ಲ ಬಂದಿತು. ಎದುರುಮನೆಯ ಅಂಬುಬಾಯಿ, "ಬಿಸಿ ತಡೀತದೇನು ನೋಡೂಣು" ಎಂದು ಹೊಗೆಯಾಡುವ ಚಹಾದ ಕಪ್ಪನ್ನು ಟಪ್ಪನೆ ಇಟ್ಟೇಬಿಟ್ಟರು. ಧೀರೇಂದ್ರ ಓಡಿಬಂದ. ಕಪ್ಪು ಎತ್ತಿದರೆ ಒಂದು ಕಲೆಯಿಲ್ಲ!

ಪಕ್ಕದ ಮನೆಯ ಖುರ್ಷಿದಬೇಗಂ ಬಿಟ್ಟಾರೆಯೆ? "ಅರಿಷಿಣ ಬಾಳ ಖರಾಬ್ ಬೇಟಾ, ನಮ್ಮ ಟೇಬಲ್ ಪೂರಾ ಹಳದಿ ಆಗ್ಯದ" ಎನ್ನುತ್ತ ಉಪ್ಪಿನಕಾಯಿ ಎಣ್ಣೆಯನ್ನು ಬೆರಳಿನಿಂದ ತೀಡಿದರು. ಬಟ್ಟೆಯಲ್ಲಿ ಒರೆಸಿದರೆ ಅದೂ ಹೋಯಿತು. ಚಂದ್ರಾಮ ಒಂದು ತಂಬಿಗೆ ನೀರನ್ನೇ ಸುರಿದ. ನೀರು ಮುತ್ತುಮುತ್ತಾಗಿ ಓಡಿ ಅವನ ಕಾಲ ಮೇಲೇ ಬಿತ್ತು.

"ಶಾಬಾಸ್!" ಎಂದರು ಎಲ್ಲರೂ. ಧೀರೇಂದ್ರನ ಕಾಲು ನೆಲದ ಮೇಲಿರಲಿಲ್ಲ.

ಜಾನಕೀಬಾಯಿ ಬಂದರು. ಹಲಗೆಯ ಮೇಲೆ ಕೈಯಾಡಿಸಿದರು, ಕಣ್ಣು ತುಂಬಿಕೊಂಡರು. "ನನಗಂತ ಮಾಡಿಯೇನೋ ಧೀರ್ಯಾ?" ಅವನು ಓಡಿಹೋಗಿ ಹಿಟ್ಟು ತಂದಿಟ್ಟ.

ಸೆರಗು ಸಿಕ್ಕಿಸಿ ಹಿಟ್ಟು ಉದುರಿಸಿ ಮುದ್ದೆ ಇಟ್ಟರು. ಮೊದಲ ಪೆಟ್ಟಿಗೆ ರೊಟ್ಟಿ ಒಂದು ಗೇಣು ಮುಂದೆ ಜಾರಿತು. ಎರಡನೆಯ ಪೆಟ್ಟಿಗೆ ಅಂಚಿಗೆ ಹೋಯಿತು. ಮೂರನೆಯದಕ್ಕೆ ಧೀರೇಂದ್ರನ ಪಾದದ ಮೇಲೆ ರಪ್ಪೆಂದು ಬಿತ್ತು. ನೀರು ನಿಲ್ಲಲಿಲ್ಲ, ಅರಿಷಿಣ ನಿಲ್ಲಲಿಲ್ಲ, ರೊಟ್ಟಿಯೊಂದು ಯಾಕೆ ನಿಂತೀತು! ಮೈತ್ರೇಯಿ ಗೋಡೆಯ ಕಡೆ ತಿರುಗಿ ಸೆರಗು ಬಾಯಿಗಿಟ್ಟುಕೊಂಡಳು.

ಜಾನಕೀಬಾಯಿ ಹಲಗೆಯ ಅಡಿಗೆ ಕೈ ಹಾಕಿ ಸವರಿ ನೋಡಿದರು. "ಚಂದ್ರಾಮ, ಈ ಬಾಜೂ ಛಲೋ ಅದ. ತಿರುವಿ ಹಾಕಪಾ."

"ಅವ್ವಾ! ಮೂರು ಸಲ ಬಳದೀನಿ..."

ಅವನು ಮಾತು ಮುಗಿಸುವಷ್ಟರಲ್ಲಿ ಹಲಗೆ ಬೋರಲಾಗಿ, ನಾಲ್ಕು ಸ್ಕ್ರೂ ಬಿಗಿಯಾಗಿದ್ದವು. ಏನೂ ಬಳಿಯದ ಬರೀ ಸಾಗವಾನಿಯ ಮೇಲೆ ರೊಟ್ಟಿ ತಪತಪ ಎಂದು ದುಂಡಗೆ ತಿರುಗತೊಡಗಿತು. ಅವ್ವ ನಿಂತಿದ್ದಳು, ನಗುತ್ತಿದ್ದಳು. ಅಷ್ಟು ಸಾಕಾಗಿತ್ತು ಅವನಿಗೆ. ಆದರೂ ಆ ಹೊಳಪು! ಯಾರೂ ನೋಡದಾಗ ಮೆಲ್ಲಗೆ ಟೇಬಲ್ಲಿನ ಕೆಳಗೆ ನುಸುಳಿ ಅಂಗಾತ ಮಲಗಿದ.

ಮೇಲೆ ತಪತಪ ಸದ್ದು. ಮೂಗಿನ ಮುಂದೆ ಅಮರ್ಜಾದ ತಿಳಿನೀರು. ಅದರಲ್ಲಿ ಅವ್ವನ ಮುಖವಿಲ್ಲ, ಅವನದೇ ಮುಖ ತೇಲುತ್ತಿತ್ತು. ಅವನೂ ತೇಲಿಹೋದ.

"ಧೀರ್ಯಾ, ಬಿಸಿ ರೊಟ್ಟಿ ತಗೋ ಬಾ" ಎಂದಾಗ ಏಳಲು ಹೋದ. ಎಡ ಮೊಣಕಾಲು ಲಟಕ್ಕೆಂದು ಅಲ್ಲೇ ಹಿಡಿದುಕೊಂಡಿತು. ಇಷ್ಟು ದಿನ ಮಂಡಿಯೂರಿದ್ದು ಸುಮ್ಮನೆ ಹೋದೀತೆ? ಮೈತ್ರೇಯಿ ಎರಡೂ ಕೈ ಹಿಡಿದು ಎಳೆದು ಎಬ್ಬಿಸಬೇಕಾಯಿತು.

ಜಾನಕೀಬಾಯಿ ಅವನ ಕುಂಟುಗಾಲನ್ನು ನೋಡಿದರು. ಕುರ್ಚಿ ಎಳೆದುಕೊಂಡು ಕೂತು, ಹಿಟ್ಟಿನ ಮುದ್ದೆಯನ್ನು ಅವನ ಕೈಗಿಟ್ಟರು.

"ಇನ್ನ ನೀ ನೆಲದ ಮ್ಯಾಲ ಕುಂಡ್ರಬ್ಯಾಡಪಾ. ನಿಂತ್ಕೊಂಡು ರೊಟ್ಟಿ ಬಡಿ."