ಹದಿನಾರನೇ ಸೋಲಿಗೊಂದು ಹರಕೆ

ಅಮೆರಿಕದ ಟೊಲಿಡೊ ಊರಿನ ಟೆಲಿಫೋನ್ ಪುಸ್ತಕದಲ್ಲಿ ಲಾಯ್ಡ್ ಕೆಂಡ್ರಿಕ್ ಎಂಬ ಹೆಸರು ಒಂದೇ ಒಂದಿತ್ತು. ಅದು ಚಳಿಗೆ ಮನೆ ಬೆಚ್ಚಗಿಡುವ ಬಾಯ್ಲರ್ ರಿಪೇರಿ ಮಾಡುವವನದು. ಅದೇ ಹೆಸರಿನ ಇನ್ನೊಬ್ಬ, ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಹೆರನ್ಸ್‌ನ ಕೋಚ್, ಜಾಣ. ತನ್ನ ನಂಬರನ್ನು ಪುಸ್ತಕಕ್ಕೆ ಕೊಟ್ಟಿರಲಿಲ್ಲ. ಹೆರನ್ಸ್ ಆ ವರ್ಷ ಹದಿನೈದು ಪಂದ್ಯ ಆಡಿ ಹದಿನೈದನ್ನೂ ಸೋತಿತ್ತು. ಊರಿನ ಬೈಗುಳವೆಲ್ಲ ಬಾಯ್ಲರಿನವನ ಕಿವಿಗೇ ಬೀಳುತ್ತಿತ್ತು.

ಫೋನ್ ಕಿತ್ತಿಡೋಣವೆಂದರೆ ಹೊಟ್ಟೆಪಾಡು ಅದರಲ್ಲೇ ಇತ್ತು. ಹದಿಮೂರನೇ ಸೋಲಿನ ಮಾರನೆಯ ದಿನ ಯಾರೋ ಅವನ ಹೆಂಡತಿ ಡೋರಿಸ್‌ಗೆ, "ನಿನ್ ಗಂಡ ಸತ್ರೆ ಊರಿಗೇ ಹಬ್ಬ" ಎಂದರು. ಅವಳು ಸೂಟ್‌ಕೇಸ್ ತುಂಬಿಕೊಂಡು ಅಕ್ಕನ ಮನೆಗೆ ಹೊರಟುಬಿಟ್ಟಳು. "ಆ ಕೋಚ್ ಊರು ಬಿಡ್ಲಿ, ಆಮೇಲೆ ಬರ್ತೀನಿ."

ಡಿಸೆಂಬರಿನ ಕೊನೆಯ ಭಾನುವಾರ ಕಡೆಯ ಪಂದ್ಯ. ಇದನ್ನೂ ಸೋತರೆ ಕೋಚ್ ಮನೆಗೆ ಎಂದು ಪತ್ರಿಕೆ ಬರೆದಿತ್ತು. ಹುಟ್ಟಿದಾಗಿನಿಂದ ಹೆರನ್ಸ್ ಭಕ್ತನಾಗಿದ್ದರೂ ಬಾಯ್ಲರಿನ ಲಾಯ್ಡ್, ತಂಡ ಸೋತರೆ ಇಗರ್ಜಿಯಲ್ಲಿ ಹತ್ತು ಮೇಣದಬತ್ತಿ ಹಚ್ಚುತ್ತೇನೆಂದು ಗುಟ್ಟಾಗಿ ಹರಕೆ ಹೊತ್ತ.

ಪಂದ್ಯದ ದಿನ ಬೆಳಗ್ಗೆ ಪಕ್ಕದ ಮನೆಯ ಸ್ಟ್ಯಾನ್ ಕೊವಾಲ್ ಬಾಗಿಲು ತಟ್ಟದೆಯೇ ಒಳಬಂದ. ಅವನು ಅಂಗಡಿ ಬೋರ್ಡು ಬರೆಯುವವನು. ಯಾರ ಸಂಕಟ ಕಂಡರೂ ಸುಮ್ಮನಿರಲಾರ.

"ಎಲ್ಲರ ಹತ್ರ ಕ್ಷಮೆ ಕೇಳ್ಬಿಡೋ, ಲಾಯ್ಡ್."

"ನಾನ್ಯಾಕೋ ಕೇಳ್ಲಿ? ನಾನೇನು ಕೋಚಾ?"

"ಅಲ್ಲ ಅಂತ ನಂಗೊತ್ತಪ್ಪ. ಆದ್ರೂ ಯಾರಾದ್ರೂ ಒಬ್ರು ಕೇಳ್ಬೇಕಲ್ವಾ?"

ಅಷ್ಟರಲ್ಲಿ ಬೀದಿಯ ಕೊನೆಮನೆಯ ಹುಡುಗಿ ಓಡಿಬಂದಳು. ಮಿಸೆಸ್ ಪುಲಾಸ್ಕಿ ಮುದುಕಿಯ ಬಾಯ್ಲರ್ ಶನಿವಾರದಿಂದ ಆರಿಹೋಗಿದೆಯಂತೆ. ಲಾಯ್ಡ್ ಸಲಕರಣೆ ಹೊತ್ತು ಹಿಮದಲ್ಲಿ ಓಡಿದ.

ಮುದುಕಿ ಮೂರು ಕೋಟು ತೊಟ್ಟು ಅಡುಗೆಮನೆಯಲ್ಲಿ ಕೂತಿದ್ದಳು. ತುಟಿ ನೀಲಿ. ಅವಳ ಕ್ಯಾನರಿ ಹಕ್ಕಿ ಪಂಜರದ ತಳದಲ್ಲಿ ಒಣಗಿದ ಬ್ರೆಡ್ಡಿನ ತುಂಡಿನಂತೆ ಸೆಟೆದು ಬಿದ್ದಿತ್ತು.

"ನಿನ್ನೆಯಿಂದ ನಲವತ್ತು ಸಲ ಫೋನ್ ಮಾಡಿದೀನಿ. ಯಾವಾಗ್ಲೂ ಎಂಗೇಜು. ಯಾರ ಹತ್ರ ಅಷ್ಟೊಂದು ಹರಟೆನೋ?"

ಲಾಯ್ಡ್ ಪಂಜರದತ್ತ ನೋಡಿದ. ಹಕ್ಕಿಯ ಬದಲು ಮುದುಕಿಯೇ ಸೆಟೆದಿದ್ದರೆ? "ಬೈಯ್ಯೋರ ಹತ್ರ, ಮಿಸೆಸ್ ಪುಲಾಸ್ಕಿ."

"ಬೈಯ್ದೆ ಇನ್ನೇನು ಮಾಡ್ತಾರೆ? ಹದಿನೈದು ಸೋಲು!" ಇಪ್ಪತ್ತು ವರ್ಷದಿಂದ ಬಾಯ್ಲರಿನವನೆಂದೇ ಅವನನ್ನು ಬಲ್ಲವಳೂ ಹಾಗೆಂದು ರೇಡಿಯೋ ಹಚ್ಚಿದಳು.

ಅವನು ನೆಲಮಾಳಿಗೆಯಲ್ಲಿ ಮಸಿ ಮೆತ್ತಿಕೊಂಡು ನಾಲ್ಕು ತಾಸು ಹೆಣಗಿದ. ಬಾಯ್ಲರ್ ಕೊನೆಗೂ ಗೊರಗುಟ್ಟಿ ಹೊತ್ತಿಕೊಂಡಿತು. ಅವನು ಮೇಲೆ ಬರುವಾಗ ಪಂದ್ಯ ಕೊನೆಯ ನಿಮಿಷದಲ್ಲಿತ್ತು. ಹೆರನ್ಸ್ ಎರಡೇ ಎರಡು ಅಂಕ ಮುಂದು. ಎದುರಾಳಿ ಒದೆಗಾರ ಚೆಂಡನ್ನು ಕಂಬಗಳ ನಡುವೆ ಒದ್ದರೆ ಮೂರಂಕ, ಹೆರನ್ಸ್‌ಗೆ ಹದಿನಾರನೇ ಸೋಲು.

"ಒದೆಯೋ ಮಹರಾಯ, ನೇರ ಒದಿ!" ಲಾಯ್ಡ್ ಕೂಗಿಯೇಬಿಟ್ಟ.

ಮುದುಕಿ ಬೆಚ್ಚಿ ತಿರುಗಿದಳು. "ಥೂ ದ್ರೋಹಿ! ಅದಕ್ಕೇ ಸೋಲ್ತಿರೋದು!"

ಚೆಂಡು ಕಂಬಕ್ಕೆ ಬಡಿದು ಹೊರಗೆ ಬಿತ್ತು. ಹೆರನ್ಸ್ ಗೆದ್ದಿತು. ಮಿಸೆಸ್ ಪುಲಾಸ್ಕಿ ಮೂರು ಕೋಟಿನಲ್ಲೇ ಕುಣಿದಳು. ತಂಡದ ಮಾಲೀಕ ರೇಡಿಯೋದಲ್ಲಿ ಬಿಕ್ಕಿಬಿಕ್ಕಿ ಅತ್ತ. ಸೋಲಿನಲ್ಲೂ ಎದೆಗುಂದದ ಕೋಚ್ ಲಾಯ್ಡ್ ಕೆಂಡ್ರಿಕ್‌ನನ್ನು ಇನ್ನೂ ಮೂರು ವರ್ಷ ಉಳಿಸಿಕೊಳ್ಳುವುದಾಗಿ ಅಲ್ಲೇ ಸಾರಿದ.

ಲಾಯ್ಡ್ ಕುರ್ಚಿಯಲ್ಲಿ ಕುಸಿದ. ಮೂರು ವರ್ಷ. ಡೋರಿಸ್‌ಗೆ ಏನು ಹೇಳುವುದು? ಹಕ್ಕಿಯನ್ನು ಹೂಳೋಣವೆಂದರೆ ನೆಲ ಹಿಮಗಟ್ಟಿ ಕಲ್ಲಾಗಿತ್ತು. ಮುದುಕಿ ಕೊಟ್ಟ ಬಿಸ್ಕತ್ತಿನ ಡಬ್ಬಿಯಲ್ಲಿ ಅದನ್ನಿಟ್ಟುಕೊಂಡು ಕಾಲೆಳೆಯುತ್ತ ಮನೆಗೆ ಹೊರಟ.

ಮನೆಯ ಮುಂದೆ ಬೀದಿಗೆ ಬೀದಿಯೇ ನೆರೆದು ಚಪ್ಪಾಳೆ ತಟ್ಟಿತು. ಗ್ಯಾರೇಜಿನ ಬಾಗಿಲ ತುಂಬ ಆಳೆತ್ತರದ ಕೆಂಪು ಅಕ್ಷರಗಳು: "ನಮ್ಮ ಕೋಚ್ ಲಾಯ್ಡ್ ಕೆಂಡ್ರಿಕ್ ಮನೆ ಇದೇ!" ಕೆಳಗೆ ಫೋನ್ ನಂಬರ್.

ಸ್ಟ್ಯಾನ್ ಕುಂಚ ಒರೆಸಿಕೊಳ್ಳುತ್ತ ಹೆಮ್ಮೆಯಿಂದ ಹತ್ತಿರ ಬಂದ.

"ಬೈಗುಳ ತಿಂದೋನು ನೀನೇ ಅಲ್ವಾ, ಹೊಗಳಿಕೆನೂ ನಿಂಗೇ ಸಿಗ್ಲಿ. ದುಡ್ಡು ಗಿಡ್ಡು ಏನೂ ಬೇಡ ಕಣೋ. ಅಪ್ಪಟ ಎಣ್ಣೆ ಬಣ್ಣ. ಉಜ್ಜಿ ಉಜ್ಜಿ ತೊಳೆದ್ರೂ ಹೋಗಲ್ಲ."